ಡಾಕ್ಟರ್ ಸಾಹೇಬರೇ, ಒಂದು ಸಲ ಅಂಗಿ ತೆಗೆಸಿ ನೋಡಿ

ಬಾಗಲಕೋಟೆ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ, ತಾಲೂಕು ಆಸ್ಪತ್ರೆಗಳ ವೈದ್ಯರಿಗೆ, ಮತ್ತೆ ನಮ್ಮ ಓಣಿಗಳಲ್ಲಿ ದವಾಖಾನೆ ಇಟ್ಟುಕೊಂಡು ರಾತ್ರಿ ಹತ್ತಾದರೂ ಬಾಗಿಲು ತೆಗೆಯುವ ಎಲ್ಲ ಡಾಕ್ಟರ್ ಸಾಹೇಬರಿಗೆ ನಮಸ್ಕಾರ.

ನಾನು ಬನಹಟ್ಟಿಯವನು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ವಯಸ್ಸು 47. ಶುಗರ್ ಇಲ್ಲ, ಬಿಪಿ ಇಲ್ಲ, ಊಟ ಆದಮೇಲೆ ಒಂದು ಎಲೆ ಅಡಿಕೆ ಬಿಟ್ಟರೆ ಚಟವೂ ಇಲ್ಲ. ಹೋದ ವರ್ಷದ ಕಬ್ಬಿನ ಸೀಸನ್‌ನಿಂದ ಈ ವರ್ಷದ ಸೀಸನ್‌ವರೆಗೆ ನನ್ನ ಬಲಗೈ ಹಿಡಿದುಕೊಂಡು ಊರೂರು ತಿರುಗಿದ್ದೇನೆ. ಯಾರ ಮೇಲೂ ದೂರು ಬರೆಯುತ್ತಿಲ್ಲ. ನನಗೆ ಸೂಜಿ ಮಾಡಿದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಆದರೂ ನಾಲ್ಕು ತಿಂಗಳು ಒಬ್ಬರ ಕಣ್ಣಿಗೂ ಬೀಳದೆ ಹೋದದ್ದು ನಮ್ಮ ಅವ್ವನ ಕಣ್ಣಿಗೆ ಒಂದೇ ನಿಮಿಷದಲ್ಲಿ ಬಿತ್ತು. ಅದು ಹೇಗೆ ಅಂತ ನಿಮಗೆ ಹೇಳಬೇಕು.

ಡಿಸೆಂಬರ್ ತಿಂಗಳು. ಹದಿನೈದು ದಿನ ಮುಂಚೆ ಮೂರು ದಿನದ ಜ್ವರ ಬಂದು ಹೋಗಿತ್ತು. ಊರಿಗೆಲ್ಲ ಬಂದಿತ್ತು, ನನಗೂ ಬಂತು, ಮರೆತೂ ಹೋಯಿತು. ಆಮೇಲೆ ಒಂದು ರಾತ್ರಿ ಎರಡು ಗಂಟೆಗೆ ಬಲ ಭುಜದಲ್ಲಿ ಕಾಸಿದ ಕುಡುಗೋಲು ಇಟ್ಟು ತಿರುವಿದ ಹಾಗಾಗಿ ಎದ್ದು ಕೂತೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ಫ್ಯಾಕ್ಟರಿ ಕಡೆ ಹೊರಟಿದ್ದವು. ಬೇರೆ ದಿನ ಆ ಸದ್ದಿಗೆ ಬೈಯುತ್ತಿದ್ದೆ. ಅವತ್ತು ಒಂದು ಟ್ರ್ಯಾಕ್ಟರ್ ದಾಟಿ ಇನ್ನೊಂದು ಬರುವವರೆಗೆ ಅಂತ ಎಣಿಸುತ್ತ ಬೆಳಗು ಮಾಡಿದೆ. ಮಲಗಿದರೂ ನೋವು, ಕೂತರೂ ನೋವು. ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದು ಪಡಸಾಲೆಯಲ್ಲಿ ತಿರುಗಾಡಿದರೆ ಸ್ವಲ್ಪ ತಡೆಯುತ್ತಿತ್ತು. ಹನ್ನೆರಡು ದಿನ ಹೀಗೇ ಹೋಯಿತು.

ಮೊದಲನೇ ದವಾಖಾನೆಯಲ್ಲಿ ಹೃದಯದ್ದಿರಬಹುದು ಅಂತ ಇಸಿಜಿ ತೆಗೆದರು. ಸರಿ ಇತ್ತು. ಅದು ಮಾಡಲೇಬೇಕಾದ ಕೆಲಸ, ತಪ್ಪಿಲ್ಲ. ಎರಡನೆಯವರು ಕುತ್ತಿಗೆ ಎಕ್ಸ್‌ರೇ ತೆಗೆಸಿ "ಮಣಕು ಸವದಾವ" ಅಂದರು, ಕುತ್ತಿಗೆಗೆ ಪಟ್ಟಿ ಬಂತು. ಈ ವಯಸ್ಸಿನಲ್ಲಿ ಯಾರ ಕುತ್ತಿಗೆ ಎಕ್ಸ್‌ರೇ ತೆಗೆದರೂ ಅಷ್ಟೋ ಇಷ್ಟೋ ಸವೆದೇ ಇರುತ್ತೆ ಅಂತ ಆಮೇಲೆ ಗೊತ್ತಾಯಿತು. ಮೂರನೆಯವರು ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದಿದೆ, ಅಂದು ಭುಜಕ್ಕೇ ಸೂಜಿ ಹಾಕಿದರು. ನಡುವೆ ಬೀಗರೊಬ್ಬರು ಬಂದು ವಾಯು ಹಿಡಿದಿದೆ ಅಂದರು. ಎಣ್ಣೆ ತಿಕ್ಕುವವರ ಹತ್ತಿರ ಮೂರು ಮಂಗಳವಾರ ಹೋಗಿ ಬಂದೆ. ಇದನ್ನು ಬರೆಯಲು ಸ್ವಲ್ಪ ನಾಚಿಕೆ ಇದೆ, ಆದರೆ ನೋವು ಇದ್ದವನು ಎಲ್ಲಿಗೆ ಹೋಗಂದರೂ ಹೋಗುತ್ತಾನೆ ಅಲ್ವಾ?

ಆಮೇಲೆ ಒಂದು ವಿಚಿತ್ರ ಆಯಿತು. ನೋವು ತಾನಾಗಿಯೇ ಇಳಿಯಿತು. ಎಲ್ಲರೂ ತಮ್ಮ ತಮ್ಮ ಔಷಧಿ ನಾಟಿತು ಅಂದುಕೊಂಡರು, ಎಣ್ಣೆ ತಿಕ್ಕಿದವರೂ ಸೇರಿ. ಆದರೆ ನೋವು ಇಳಿದ ಹಾಗೆ ಕೈಯೂ ಇಳಿಯಿತು. ಕೈ ಭುಜದ ಮಟ್ಟಕ್ಕೆ ಬಂದು ಅಲ್ಲಿಗೇ ನಿಲ್ಲುತ್ತಿತ್ತು. ತಲೆ ಬಾಚಲು ಎಡಗೈ ಬೇಕಾಯಿತು. ಬೋರ್ಡಿನ ಮೇಲೆ ತಾರೀಖು ಬರೆಯಲು ಆಗದೆ ಅರ್ಧ ಬೋರ್ಡಿನಿಂದ ಪಾಠ ಶುರು ಮಾಡುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಸರ್, ಸ್ವಲ್ಪ ಮ್ಯಾಲೆ ಬರೀರಿ, ಮುಂದ ಕುಂತವ್ರ ತಲಿ ಅಡ್ಡ ಬರ್ತಾವು." ಮೇಲೆ ಬರೆಯಲು ಹೋದೆ. ಸುಣ್ಣದ ಕಡ್ಡಿ ಕೈಯಿಂದ ಜಾರಿ ಬಿತ್ತು. ತರಗತಿ ನಗಲಿಲ್ಲ. ಅವರು ನಕ್ಕಿದ್ದರೇ ವಾಸಿ ಇತ್ತು.

ನಾಲ್ಕನೇ ಕಡೆ ಭುಜದ ಎಂಆರ್‌ಐ ಆಯಿತು. ಭುಜದ ಒಂದು ಸ್ನಾಯುರಜ್ಜು ಸ್ವಲ್ಪ ಹರಿದಿದೆ, ದುರ್ಬೀನಿನಿಂದ ಆಪರೇಶನ್ ಮಾಡಿದರೆ ಕೈ ಮೇಲೆ ಬರುತ್ತೆ ಅಂದರು. ದಿನವೂ ಗೊತ್ತು ಮಾಡಿದರು, ಯುಗಾದಿ ಮುಗಿದ ಮೇಲಿನ ಗುರುವಾರ. ಮಿರಜ್‌ಗೆ ಹೋಗಿ ಇನ್ನೊಮ್ಮೆ ತೋರಿಸು ಅಂತ ಸ್ಟಾಫ್ ರೂಮಿನಲ್ಲಿ ಹೇಳಿದವರೂ ಇದ್ದರು. ನಮ್ಮ ಕಡೆ ಯಾವ ಕಾಯಿಲೆ ಬಂದರೂ ಮೊದಲು ಬಾಯಿಗೆ ಬರುವ ಹೆಸರು ಅದೇ. ನಾನು ಹೋಗಲಿಲ್ಲ. ತಿರುಗಿ ತಿರುಗಿ ಸಾಕಾಗಿತ್ತು.

ಇನ್ನು ಯುಗಾದಿಯ ಬೆಳಿಗ್ಗೆ. ಬಚ್ಚಲಲ್ಲಿ ಬೇವಿನ ಎಲೆ ಹಾಕಿದ ಬಿಸಿನೀರು. ನನಗೇ ಮೊಮ್ಮಕ್ಕಳು ಬರುವ ವಯಸ್ಸು ಹತ್ತಿರ ಬಂದರೂ ಆ ಒಂದು ದಿನ ಅವ್ವನೇ ಎಣ್ಣೆ ಹಚ್ಚಬೇಕು, ನಮ್ಮ ಮನೆಯ ಪದ್ಧತಿ. ಚಡ್ಡಿ ಹಾಕಿಕೊಂಡು ಮಣೆಯ ಮೇಲೆ ಕೂತಿದ್ದೆ. ಅವ್ವ ಬಲಗಡೆ ಬೆನ್ನಿಗೆ ಅಂಗೈ ಇಟ್ಟವಳು ತೆಗೆಯಲೇ ಇಲ್ಲ.

"ತಮ್ಮಾ, ಇಲ್ಲಿ ಕುಣಿ ಬಿದ್ದೈತಲ್ಲೋ. ಎಲುಬು ನೋಡಿದ್ರ ಹೊರಗ ಎದ್ದೈತಿ."

ಕುಣಿ ಅಂದರೆ ತಗ್ಗು. ಅವ್ವ ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ಬೆರಳಿಟ್ಟು ನೋಡಿದಳು, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ. ಸೊಸೆಯನ್ನು ಕೂಗಿದಳು. ನನ್ನ ಹೆಂಡತಿ ಮೊಬೈಲಿನಲ್ಲಿ ಫೋಟೋ ತೆಗೆದಳು. ನನ್ನ ಬೆನ್ನನ್ನು ನಾನು ನೋಡಿದ್ದು ಅದೇ ಮೊದಲು. ಎಡಗಡೆ ಮನುಷ್ಯನ ಬೆನ್ನಿನ ಹಾಗೇ ಇದೆ. ಬಲಗಡೆ ಭುಜದ ಹಲಗೆ ಎಲುಬಿನ ಮೇಲೆ ಮಾಂಸ ಇಳಿದು ಹೋಗಿದೆ, ಎಲುಬಿನ ಅಂಚು ಕೋಳಿ ರೆಕ್ಕೆ ಎತ್ತಿದ ಹಾಗೆ ಹೊರಗೆ ಬಂದಿದೆ. ಈ ಬೆನ್ನು ಹೊತ್ತುಕೊಂಡು ನಾಲ್ಕು ಕಡೆ ಹೋಗಿದ್ದೆ. ಬೆನ್ನು ನೋಡಲು ಒಬ್ಬರೂ ಅಂಗಿ ತೆಗೆ ಅಂದಿರಲಿಲ್ಲ. ಒಬ್ಬರಂತೂ ತೋಳಿನ ಗುಂಡಿ ಬಿಚ್ಚಿಸಿ ಬಿಪಿ ನೋಡಿ ಮತ್ತೆ ಹಾಕಿಕೊಳ್ಳಿ ಅಂದಿದ್ದರು.

ಆಪರೇಶನ್ ಬಿಟ್ಟೆ. ಆ ಫೋಟೋ ಹಿಡಿದುಕೊಂಡು ನಾಲ್ಕು ತಾಸು ಬಸ್ಸಿನಲ್ಲಿ ಕೂತು ಹುಬ್ಬಳ್ಳಿಗೆ ಹೋಗಿ ನರರೋಗ ತಜ್ಞರೊಬ್ಬರನ್ನು ಕಂಡೆ. ಅವರು ಫೈಲ್ ತೆಗೆಯಲಿಲ್ಲ. ಅಂಗಿ, ಬನಿಯನ್ ಎರಡೂ ತೆಗೆಸಿದರು. ಗೋಡೆಗೆ ಎರಡೂ ಅಂಗೈ ಊರಿ ತಳ್ಳಿ ಅಂದು ಹಿಂದೆ ನಿಂತು ನೋಡಿದರು. ಬಲಗಡೆ ಎಲುಬು ಎದ್ದು ನಿಂತಿತು. ಆಮೇಲೆ ನನ್ನ ಬಾಯಲ್ಲಿ ಕಥೆ ಹೇಳಿಸಿದರು. ಮೊದಲು ನೋವೋ, ಮೊದಲು ಕೈ ಸೋತದ್ದೋ? ನೋವು ರಾತ್ರಿ ಬಂತೋ? ಅದಕ್ಕೂ ಮುಂಚೆ ಜ್ವರ, ಲಸಿಕೆ, ಆಪರೇಶನ್, ಅಭ್ಯಾಸ ಇಲ್ಲದ ಭಾರದ ಕೆಲಸ ಏನಾದರೂ? ಕಾಮಾಲೆ ಆಗಿತ್ತಾ? ಅಂಗಾತ ಮಲಗಿದರೆ ಉಸಿರು ಕಟ್ಟುತ್ತಾ? ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿತ್ತಾ? ಹತ್ತು ನಿಮಿಷ ಅಷ್ಟೆ. ಪೆನ್ನು ಕೆಳಗಿಟ್ಟು ಹೆಸರು ಹೇಳಿದರು: ಪಾರ್ಸೊನೇಜ್ ಟರ್ನರ್ ಸಿಂಡ್ರೋಮ್. ಪುಸ್ತಕದಲ್ಲಿ ನ್ಯೂರಾಲ್ಜಿಕ್ ಅಮಯೋಟ್ರೋಫಿ ಅಂತಲೂ ಇದೆಯಂತೆ.

ರಜೆ ಅರ್ಜಿಗೆ ಈ ಹೆಸರು ಬರೆದುಕೊಟ್ಟಾಗ ಕಚೇರಿಯ ಗುಮಾಸ್ತರು "ಟರ್ನರ್ ಅಂದ್ರ ಐಟಿಐ ಒಳಗಿನ ಟರ್ನರೇನ್ರೀ?" ಅಂದರು. ಅಲ್ಲ, ಇವರು ಇಂಗ್ಲೆಂಡಿನ ಇಬ್ಬರು ಡಾಕ್ಟರು. ಎರಡನೇ ಮಹಾಯುದ್ಧದ ಕಾಲದ ಸೈನಿಕರೇ ಹೆಚ್ಚಾಗಿದ್ದ 136 ರೋಗಿಗಳ ಬಗ್ಗೆ 1948ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ದಿಢೀರಂತ ಭುಜದ ನೋವು, ಅದರ ಬೆನ್ನಿಗೇ ಸೋಲು, ಆಮೇಲೆ ಮಾಂಸ ಕರಗುವುದು. ನನ್ನ ಡಿಸೆಂಬರ್, ಜನವರಿ, ಫೆಬ್ರವರಿ ಎಲ್ಲ ಅದರಲ್ಲಿ ಇತ್ತು.

ಏನಾಗಿದೆ ಅಂತ ಡಾಕ್ಟರು ಹೇಳಿದ್ದನ್ನು ನಮ್ಮ ಊರಿನ ಭಾಷೆಯಲ್ಲಿ ಹೇಳುತ್ತೇನೆ. ನಮ್ಮದು ಮಗ್ಗದ ಊರು. ಪವರ್‌ಲೂಮ್ ನಿಂತರೆ ಎಲ್ಲರೂ ಮೊದಲು ಮೋಟರ್ ಬಿಚ್ಚುತ್ತಾರೆ. ಮೋಟರ್ ಸರಿಯೇ ಇರುತ್ತೆ, ಕರೆಂಟ್ ತರುವ ವೈರ್ ಸುಟ್ಟಿರುತ್ತೆ. ಕುತ್ತಿಗೆಯೊಳಗಿನ ಬೆನ್ನುಹುರಿಯಿಂದ ಹೊರಟ ನರಗಳು ಕಂಕುಳ ಮೇಲೆ ಒಂದಕ್ಕೊಂದು ಸೇರಿ, ಮತ್ತೆ ಬೇರೆಯಾಗಿ ಕೈಗೆ ಇಳಿಯುತ್ತವೆ. ಆ ಜಡೆಗೆ ಬ್ರೇಕಿಯಲ್ ಪ್ಲೆಕ್ಸಸ್ ಅಂತ ಹೆಸರು. ಜ್ವರದ ವೈರಸ್ ಮೇಲೆ ಹೋರಾಡಲು ಎದ್ದ ದೇಹದ ರಕ್ಷಣಾ ವ್ಯವಸ್ಥೆ ಸುಮ್ನೆ ಕೂಡದೆ ಆ ಜಡೆಯ ಒಂದೆರಡು ಎಳೆಗಳ ಮೇಲೇ ಬಿದ್ದಿದೆ ಅನ್ನುವುದು ಈಗಿನ ತಿಳುವಳಿಕೆ. ನನ್ನಲ್ಲಿ ಭುಜದ ಹಲಗೆಯನ್ನು ಪಕ್ಕೆಲುಬಿಗೆ ಒತ್ತಿ ಹಿಡಿಯುವ ಸ್ನಾಯುವಿನ ನರ ಒಂದು, ಹಲಗೆಯ ಮೇಲಿನ ಎರಡು ಸ್ನಾಯುಗಳ ನರ ಇನ್ನೊಂದು. ಮೊದಲನೆಯದು ಸತ್ತರೆ ಎಲುಬು ರೆಕ್ಕೆಯಾಗುತ್ತೆ. ಎರಡನೆಯದು ಸತ್ತರೆ ಕುಣಿ ಬೀಳುತ್ತೆ. ಅವ್ವ ಎರಡನ್ನೂ ಕೈಯಿಂದಲೇ ಕಂಡುಹಿಡಿದಿದ್ದಳು.

ಪಕ್ಕಾ ಮಾಡಲು ಇಎಂಜಿ ಅನ್ನುವ ಪರೀಕ್ಷೆ. ಸಣ್ಣ ಸೂಜಿಯನ್ನು ಸ್ನಾಯುವಿಗೆ ಚುಚ್ಚಿ ಅದರ ವಿದ್ಯುತ್ತನ್ನು ಸ್ಪೀಕರಿನಲ್ಲಿ ಕೇಳುತ್ತಾರೆ. ಆರೋಗ್ಯವಾದ ಸ್ನಾಯು ಸಡಿಲ ಬಿಟ್ಟಾಗ ಸದ್ದು ಮಾಡುವುದಿಲ್ಲ. ಎಡ ಭುಜದಲ್ಲಿ ಸೂಜಿ ಇದ್ದಾಗ ಕೋಣೆ ಶಾಂತವಾಗಿತ್ತು. ಬಲ ಭುಜಕ್ಕೆ ಚುಚ್ಚಿದರು. ತಗಡಿನ ಮಾಡಿನ ಮೇಲೆ ಮಳೆ ಹನಿ ಬೀಳಲು ಶುರುವಾದ ಹಾಗೆ ಟಪ್ ಟಪ್ ಟಪ್. ನರ ಕಳಚಿದ ಸ್ನಾಯುವಿನ ಎಳೆಗಳು ತಮ್ಮಷ್ಟಕ್ಕೆ ತಾವೇ ಮಿಡಿಯುವ ಸದ್ದು ಅದು. ನಾನು ಸುಮ್ನೆ ಕೇಳುತ್ತ ಕೂತೆ. ನನ್ನ ಕಾಯಿಲೆಗೆ ಒಂದು ದನಿ ಇದೆ ಅಂತ ಅವತ್ತು ಗೊತ್ತಾಯಿತು. ಅದಕ್ಕೂ ಮುಂಚೆ ಎಷ್ಟೋ ರಾತ್ರಿ ಮೊಬೈಲಿನಲ್ಲಿ "ಮಾಂಸ ಕರಗುವ ರೋಗ" ಅಂತ ಹುಡುಕಿ, ವಾಸಿಯೇ ಆಗದ ಮೋಟಾರ್ ನ್ಯೂರಾನ್ ಕಾಯಿಲೆಯ ಪುಟಗಳನ್ನು ಓದಿ, ಮಗಳ ಮದುವೆ ಈ ವರ್ಷವೇ ಮುಗಿಸಿಬಿಡೋಣ ಅಂತ ಒಬ್ಬನೇ ಲೆಕ್ಕ ಹಾಕಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಈ ಪತ್ರ ಓದಿದರೆ ಈಗ ಗೊತ್ತಾಗುತ್ತೆ.

ಈ ಪರೀಕ್ಷೆಯ ಬಗ್ಗೆ ಒಂದು ಮಾತು, ಇದು ಚಿಕ್ಕ ಡಾಕ್ಟರುಗಳಿಗೆ ಬೇಕಾದದ್ದು. ನರ ಪೆಟ್ಟಾದ ತಕ್ಷಣ ಇಎಂಜಿ ಮಾಡಿದರೆ ಏನೂ ಕಾಣದೇ ಹೋಗಬಹುದು. ಆ ಮಳೆ ಸದ್ದು ಬರಲು ಮೂರು ವಾರದ ಆಸುಪಾಸು ಬೇಕು. ಮೊದಲ ವಾರವೇ ಮಾಡಿಸಿ "ನಾರ್ಮಲ್" ಅಂತ ಬರೆದುಬಿಟ್ಟರೆ ರೋಗಿಯನ್ನು ಆಮೇಲೆ ಯಾರೂ ನಂಬುವುದಿಲ್ಲ.

ಇನ್ನು ನನ್ನ ಎಂಆರ್‌ಐ ವರದಿ. ಹುಬ್ಬಳ್ಳಿಯ ಡಾಕ್ಟರು ಅದನ್ನು ಕೊನೆಗೆ ಬಿಚ್ಚಿ, ಒಂದು ಸಾಲಿನ ಕೆಳಗೆ ಪೆನ್ಸಿಲಿನಿಂದ ಗೀಟು ಹಾಕಿ ನನಗೆ ತೋರಿಸಿದರು. ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಅಂದರೆ ಹಲಗೆಯ ಮೇಲಿನ ಆ ಎರಡು ಸ್ನಾಯುಗಳಲ್ಲಿ ಊತ ಇದೆ ಅಂತ ಅದರಲ್ಲೇ ಬರೆದಿತ್ತು. ಒಂದೇ ನರದ ಎರಡು ಸ್ನಾಯುಗಳು ಒಟ್ಟಿಗೇ ಊದಿವೆ ಅಂದರೆ ತಪ್ಪು ನರದಲ್ಲಿ ಇರಬೇಕು ಅಂತ ಅದರ ಅರ್ಥ. ಮೇಲಿನ ಸಾಲಿನಲ್ಲಿ "ಸ್ವಲ್ಪ ಹರಿದಿದೆ" ಅಂತ ಇದ್ದದ್ದರಿಂದ ಕಣ್ಣು ಅಲ್ಲಿಗೇ ನಿಂತಿತ್ತು. ನಲವತ್ತು ದಾಟಿದವರ ಭುಜದಲ್ಲಿ ಅಂಥ ಸಣ್ಣ ಹರಕು ಏನೂ ತೊಂದರೆ ಕೊಡದೆ ಇರುವುದು ಸಾಮಾನ್ಯವಂತೆ. ಮೋಟರ್ ಬಿಚ್ಚಲು ಎಲ್ಲ ತಯಾರಾಗಿತ್ತು, ವೈರಿನ ಕಡೆ ಯಾರೂ ನೋಡಿರಲಿಲ್ಲ.

ಸಾಹೇಬರೇ, ನೀವು ಹೇಳಬಹುದು, ಇದು ಅಪರೂಪದ ಕಾಯಿಲೆ, ಇದಕ್ಕೆಲ್ಲ ಎಲ್ಲಿ ತಲೆ ಕೆಡಿಸಿಕೊಳ್ಳೋಣ ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ಹಳೆಯ ಪುಸ್ತಕಗಳ ಲೆಕ್ಕದಲ್ಲಿ ವರ್ಷಕ್ಕೆ ಲಕ್ಷಕ್ಕೆ ಒಬ್ಬರಿಂದ ಮೂವರು. 2015ರಲ್ಲಿ ನೆದರ್ಲೆಂಡ್ಸ್‌ನವರು ಒಂದು ಅಧ್ಯಯನ ಪ್ರಕಟಿಸಿದರು. ಊರಿನ ಸಾಮಾನ್ಯ ಡಾಕ್ಟರುಗಳಿಗೆ ಈ ಕಾಯಿಲೆ ಹೇಗಿರುತ್ತೆ ಅಂತ ಮೊದಲು ಕಲಿಸಿ, ಒಂದು ವರ್ಷ ನೋಡಿ ಅಂದರು. ಕುತ್ತಿಗೆ, ಭುಜ, ಕೈ ನೋವು ಅಂತ ಹೊಸದಾಗಿ ಬಂದ 492 ಜನರಲ್ಲಿ 14 ಜನಕ್ಕೆ ಇದೇ ಇತ್ತು. ಆ ಡಾಕ್ಟರುಗಳ ಕೈಕೆಳಗಿನ ಒಟ್ಟು ಜನಸಂಖ್ಯೆಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಸಾವಿರಕ್ಕೆ ಒಬ್ಬರು. ಅಲ್ಲಿನ ಲೆಕ್ಕ ಇಲ್ಲಿಗೆ ಹಾಗೇ ಹೊಂದುತ್ತೆ ಅಂತ ನಾನು ವಾದ ಮಾಡುವುದಿಲ್ಲ. ಆದರೆ 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನ ಸುಮಾರು 18.9 ಲಕ್ಷ. ಹಳೆಯ ಲೆಕ್ಕ ಹಿಡಿದರೆ ವರ್ಷಕ್ಕೆ ಐವತ್ತು ಅರವತ್ತು ಜನದ ಒಳಗೆ. ಹೊಸ ಲೆಕ್ಕ ಹಿಡಿದರೆ ಸಾವಿರದ ಎಂಟುನೂರರ ಮೇಲೆ. ನಿಜ ಈ ಎರಡರ ನಡುವೆ ಎಲ್ಲೇ ಇರಲಿ, ಅವರೆಲ್ಲ ಈಗ ಎಲ್ಲಿದ್ದಾರೆ? ಕುತ್ತಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಾರೆ ಅಂತ ನನ್ನ ಅನುಮಾನ.

ನಮ್ಮ ಕಡೆ ಇನ್ನೊಂದು ತೊಡಕು ಇದೆ. ಒಂದು ಕೈ ಸಣ್ಣಗಾಯಿತು ಅಂದರೆ ಜನ ಎರಡೇ ಹೆಸರು ಹೇಳುತ್ತಾರೆ, ಪೋಲಿಯೋ ಇಲ್ಲ ಲಕ್ವ. ನೋವೇ ಇಲ್ಲದೆ ಹರೆಯದ ಹುಡುಗರ ಒಂದು ಕೈಯೋ ಕಾಲೋ ಸಣ್ಣಗಾಗುವ ಬೇರೆಯದೇ ಕಾಯಿಲೆಯನ್ನು ನಮ್ಮ ನಿಮ್ಹಾನ್ಸ್‌ನ ಡಾ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲೇ ವಿವರಿಸಿ ಹೆಸರು ಕೊಟ್ಟಿದ್ದಾರೆ. ಅದು ನನ್ನದಲ್ಲ. ನನ್ನದರ ಗುರುತು ಮೊದಲು ಬರುವ ಆ ಭಯಂಕರ ನೋವು. ಆದರೆ ಎರಡಕ್ಕೂ ಹೆಸರು ಸಿಗಬೇಕಾದರೆ ಯಾರಾದರೂ ಎರಡೂ ಕಡೆ ಪಕ್ಕಪಕ್ಕ ಇಟ್ಟು ನೋಡಬೇಕಲ್ವಾ?

ಹಾಗಾಗಿ ನನ್ನ ಮೊದಲನೇ ಬೇಡಿಕೆಗೆ ಒಂದು ರೂಪಾಯಿಯೂ ಬೇಡ. ಭುಜ ನೋವು, ಕೈ ಏಳುತ್ತಿಲ್ಲ ಅಂತ ಬಂದವರ ಅಂಗಿ ತೆಗೆಸಿ. ಹಿಂದೆ ನಿಂತು ಎರಡೂ ಕಡೆ ನೋಡಿ. ಗೋಡೆ ತಳ್ಳಿಸಿ. ಫ್ರೋಜನ್ ಶೋಲ್ಡರ್‌ನಲ್ಲಿ ನೀವು ಎತ್ತಿದರೂ ಕೈ ಏಳುವುದಿಲ್ಲ. ನನ್ನಂಥವರ ಕೈಯನ್ನು ನೀವು ಎತ್ತಿದರೆ ಏಳುತ್ತೆ, ನಾವೇ ಎತ್ತಲು ಹೋದರೆ ಏಳುವುದಿಲ್ಲ. ಹೆಣ್ಣುಮಕ್ಕಳ ಮಾತು ಬೇರೆ, ಗೊತ್ತು. ನಮ್ಮ ಓಣಿಯಲ್ಲಿ ಮಗ್ಗಕ್ಕೆ ನೂಲು ಸುತ್ತುವ ಅಕ್ಕಂದಿರು ಎಷ್ಟೋ ಜನ ಭುಜ ನೋವು ಅನ್ನುತ್ತಾರೆ. ಅವರು ಸೆರಗು ಸರಿಸಲೂ ಹಿಂಜರಿಯುತ್ತಾರೆ, ಗಂಡಸು ಡಾಕ್ಟರು ಕೇಳಲೂ ಹಿಂಜರಿಯುತ್ತಾರೆ. ಒಂದು ಪರದೆ, ಜೊತೆಗೆ ಒಬ್ಬ ಸಿಸ್ಟರ್ ಇದ್ದರೆ ಆ ಕೆಲಸ ಆಗುತ್ತೆ. ಪರದೆ ಹೊಲಿಯುವುದಕ್ಕೆ ಬಟ್ಟೆ ನಮ್ಮ ಊರಿನಿಂದಲೇ ಕೊಡುತ್ತೇವೆ.

ಎರಡನೆಯದಕ್ಕೆ ದುಡ್ಡು ಬೇಕು. ಬಾಗಲಕೋಟೆಯಲ್ಲಿ ಸರ್ಕಾರದ ಕಡೆಯಿಂದ ವಾರಕ್ಕೊಮ್ಮೆಯಾದರೂ ನರರೋಗ ತಜ್ಞರು ಕೂತು ಇಎಂಜಿ ಮಾಡುವ ದಿನ ಗೊತ್ತಾಗಿರಬೇಕು, ಆ ದಿನ ಯಾವುದು ಅಂತ ಪ್ರತಿ ತಾಲೂಕು ಆಸ್ಪತ್ರೆಯ ಗೋಡೆಯ ಮೇಲೆ ಬರೆದಿರಬೇಕು. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿತು. ಪಾರ್ಶ್ವವಾಯು, ಮೂರ್ಛೆ, ತಲೆನೋವು, ಮರೆವಿನ ಕಾಯಿಲೆ ಗುರುತಿಸಲು ಪ್ರಾಥಮಿಕ ಕೇಂದ್ರದ ಡಾಕ್ಟರುಗಳಿಗೆ ಅದರಲ್ಲಿ ತರಬೇತಿ ಕೊಡುತ್ತಾರೆ. ಒಳ್ಳೆಯ ಕೆಲಸ. ಅದೇ ತರಬೇತಿಯಲ್ಲಿ ಭುಜ ಮತ್ತು ಕೈಯ ನರಗಳಿಗೂ ಒಂದು ಮಧ್ಯಾಹ್ನ ಕೊಡಿ. ಜೊತೆಗೆ ಕಾಮಾಲೆಯ ಮಾತು ಸೇರಿಸಿ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಇ ಸೋಂಕಿಗೂ ಈ ಕಾಯಿಲೆಗೂ ನಂಟಿದೆ ಅಂತ ಯುರೋಪಿನ ವೈದ್ಯರು ತೋರಿಸಿದ್ದಾರೆ. ಅಂಥವರಲ್ಲಿ ಎರಡೂ ಭುಜ ಸೋಲುವುದು ಜಾಸ್ತಿಯಂತೆ. 2019ರ ಪ್ರವಾಹದಲ್ಲಿ ನಾವು ಎಂಥ ನೀರು ಕುಡಿದೆವು ಅಂತ ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಂಡೆಯವರಿಗೆ ಹೇಳಬೇಕಾಗಿಲ್ಲ.

ಬೇಗ ಗೊತ್ತಾದರೆ ಏನು ಬದಲಾಗುತ್ತಿತ್ತು ಅಂತ ಕೇಳಬಹುದು. ಪೂರ್ತಿ ವಾಸಿ ಮಾಡುವ ಮಾತ್ರೆ ಇಲ್ಲ. ಮೊದಲ ವಾರಗಳಲ್ಲಿ ಸ್ಟೀರಾಯ್ಡ್ ಕೊಟ್ಟರೆ ಕೆಲವರಿಗೆ ನೋವು ಬೇಗ ಇಳಿಯುತ್ತೆ, ಅದಕ್ಕೂ ಗಟ್ಟಿ ಪುರಾವೆ ಇಲ್ಲ ಅಂತ ಡಾಕ್ಟರು ನೇರವಾಗಿಯೇ ಹೇಳಿದರು. ಆದರೆ ನನಗೆ ಪಟ್ಟಿ ತಪ್ಪುತ್ತಿತ್ತು, ಭುಜದ ಸೂಜಿ ತಪ್ಪುತ್ತಿತ್ತು, ನಲವತ್ತು ಸಾವಿರದ ಹತ್ತಿರ ಖರ್ಚು ತಪ್ಪುತ್ತಿತ್ತು. ಶಕ್ತಿ ಬರಲಿ ಅಂತ ನಾನೇ ಮನೆಯಲ್ಲಿ ನೀರಿನ ಕೊಡ ಎತ್ತಿ ಸೋತ ಸ್ನಾಯುವನ್ನು ಇನ್ನಷ್ಟು ದಣಿಸುವುದು ತಪ್ಪುತ್ತಿತ್ತು. ಮಗಳ ಮದುವೆಯ ಆ ಹುಚ್ಚು ಲೆಕ್ಕವೂ ತಪ್ಪುತ್ತಿತ್ತು.

ನರ ಮತ್ತೆ ಬೆಳೆಯುತ್ತೆ. ದಿನಕ್ಕೆ ಒಂದು ಮಿಲಿಮೀಟರಿನಷ್ಟು, ಅಂದರೆ ತಿಂಗಳಿಗೆ ಸುಮಾರು ಒಂದು ಇಂಚು. ರೆಕ್ಕೆಯಾದ ಆ ಸ್ನಾಯುವಿಗೆ ಹೋಗುವ ನರದ ಉದ್ದ ಹೆಚ್ಚೂಕಡಿಮೆ ಒಂದು ಗೇಣು. ಗೇಣು ದಾರಿಗೆ ಎಂಟು ಒಂಬತ್ತು ತಿಂಗಳು. ಹೆಚ್ಚಿನವರಿಗೆ ಎರಡು ಮೂರು ವರ್ಷದಲ್ಲಿ ಬಹುಪಾಲು ಶಕ್ತಿ ಬರುತ್ತೆ, ಎಷ್ಟೋ ಜನರಿಗೆ ದಣಿವು, ನೋವು ಉಳಿದುಬಿಡುತ್ತೆ. ನಾನು ಫಿಸಿಯೋಥೆರಪಿ ಮಾಡುತ್ತಿದ್ದೇನೆ, ಗೋಡೆಯ ಮೇಲೆ ಬೆರಳಿನಿಂದ ಹತ್ತುವುದು, ಮಲಗಿ ಕೋಲು ಎತ್ತುವುದು. ಅವ್ವ ವಾರಕ್ಕೊಮ್ಮೆ ಬೆನ್ನಿಗೆ ಕೈ ಹಾಕಿ ಕುಣಿ ಎಷ್ಟು ತುಂಬಿದೆ ಅಂತ ನೋಡುತ್ತಾಳೆ. "ಅರ್ಧ ಆಗೈತಿ" ಅಂದಿದ್ದಾಳೆ ಹೋದ ಸೋಮವಾರ.

ಈಗ ಕೈ ಕಿವಿಯ ಮಟ್ಟಕ್ಕೆ ಬರುತ್ತೆ. ತಾರೀಖನ್ನು ಮಾತ್ರ ಇನ್ನೂ ಆ ಹಿಂದಿನ ಬೆಂಚಿನ ಹುಡುಗನೇ ಬಂದು ಬರೆಯುತ್ತಾನೆ, ಅವನು ನನಗಿಂತ ಎತ್ತರ. ಜನವರಿಯಲ್ಲಿ ಮತ್ತೆ ಹುಬ್ಬಳ್ಳಿಗೆ ಹೋಗಬೇಕು. ಅಷ್ಟರೊಳಗೆ ಬಾಗಲಕೋಟೆಯಲ್ಲಿ ಯಾವ ವಾರ ಬರಬೇಕು ಅಂತ ನೀವು ಬರೆದರೆ, ಆ ಬಸ್ಸು ಬಿಟ್ಟು ಈ ಬಸ್ಸು ಹತ್ತುತ್ತೇನೆ.

ಇಂತಿ ನಿಮ್ಮವ,
ಬನಹಟ್ಟಿಯ ಒಬ್ಬ ಕನ್ನಡ ಮಾಸ್ತರ